ಹುಲ್ಲಿನ ಟ್ರೇಲರಿನ ಹಿಂದಿನ ಲೈಟು

ನಮ್ಮ ಕೆರೆಬಿಳಚಿ ಮನೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಲೈಟಿಗೆ ಒಂದೇ ಔಷಧಿ: ಅಂಗೈಯಿಂದ ಪಟ್ಟನೆ ಒಂದು ಏಟು. ಏಟು ಬಿದ್ದರೆ ಹತ್ತುತ್ತಿತ್ತು, ಮುಂದಿನ ಗುಂಡಿಯಲ್ಲಿ ಆರುತ್ತಿತ್ತು. ನನ್ನ ಗಂಡ, ಮೈದುನ, ಮಾವ ಮೂವರೂ ಇದನ್ನೇ ರಿಪೇರಿ ಅಂತ ನಂಬಿದ್ದರು.

ಆ ದಿನ ಟ್ರೇಲರ್ ತುಂಬ ಭತ್ತದ ಹುಲ್ಲು ಹೇರಿದ್ದೆವು. ಜಗಳೂರಿನ ಕಡೆ ನನ್ನ ತವರಿಗೆ. ಅಲ್ಲಿ ಅಮ್ಮನ ಎರಡು ಎಮ್ಮೆಗಳ ಮೇವು ಅವತ್ತಿಗೆ ಮುಗಿಯುತ್ತಿತ್ತು. ನಾನೂ ಗಂಡನ ಜೊತೆ ಹೊರಟಿದ್ದೆ. ತಲುಪುವ ಹೊತ್ತಿಗೆ ಕತ್ತಲಾಗುವುದು ಖಂಡಿತ. ಮಾವ ಲೈಟಿಗೆ ಒಂದು ಏಟು ಹಾಕಿದರು, ಹತ್ತಲಿಲ್ಲ. ಮೈದುನ ಎರಡು ಹಾಕಿದ. ಊಹೂಂ.

"ಹಿಂದೆ ಬರೋ ಬಸ್ಸಿನೋನಿಗೆ ಕಾಣ್ಬೇಕಲ್ಲಪ್ಪ. ಇವತ್ತು ಬ್ಯಾಡ, ನಾಳೆ ಚನ್ನಗಿರೀಲಿ ತೋರಿಸ್ರಿ," ಎಂದರು ಮಾವ. ನಾಳೆ ಭಾನುವಾರ, ಮೆಕ್ಯಾನಿಕ್ ಅಂಗಡಿ ಬಾಗಿಲು ಹಾಕಿರುತ್ತದೆ. ಎಮ್ಮೆಗಳೇನು ಗಾಳಿ ತಿನ್ನಬೇಕೆ? ನನಗೆ ರೇಗಿಹೋಯಿತು.

"ಅತ್ಲಾಗೆ ಸರೀರಿ ಎಲ್ಲಾರೂ. ನಾನು ನೋಡ್ತೀನಿ."

"ಅಕ್ಕಿ ಆರಿಸೋ ಕೈಗೆ ಇಕ್ಕಳ ಯಾಕೆ ಅತ್ತಿಗೆ?" ಎಂದು ಮೈದುನ ನಕ್ಕ. ಚಿಕ್ಕವಳಿದ್ದಾಗ ಮನೆಯ ಟಾರ್ಚು ಬಿಚ್ಚಿದ್ದಕ್ಕೆ ಅಮ್ಮನೂ ಇಂಥದ್ದೇ ಮಾತಾಡಿ ಬೆನ್ನಿಗೆ ಬಾರಿಸಿದ್ದಳು.

"ಅಕ್ಕಿಯಾಗಿನ ಕಲ್ಲು ಕಾಣೋ ಕಣ್ಣಿಗೆ ಇದು ಕಾಣಲ್ವೇನಪ್ಪ? ಸ್ವಿಚ್ ಆಫ್ ಮಾಡು, ಸ್ಕ್ರೂಡ್ರೈವರ್ ಕೊಡು."

ಕೆಂಪು ಮುಚ್ಚಳ ಬಿಚ್ಚಿದೆ. ಬಲ್ಬು ಕೂರುವ ಹೋಲ್ಡರು ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಬಿಗಿಯಾಗಲೆಂದು ಯಾರೋ ಪುಣ್ಯಾತ್ಮರು ಅದರೊಳಗೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ತುರುಕಿದ್ದರು. ಮೈದುನ ಆಕಾಶ ನೋಡಿದ. ಆಯುಧಪೂಜೆಗೆ ಟ್ರೇಲರಿಗೆ ಬಣ್ಣ ಹೊಡೆಯುವಾಗ ಹೋಲ್ಡರಿನ ಬೋಲ್ಟು ಕೂರುವ ಜಾಗಕ್ಕೂ ದಪ್ಪಗೆ ಬಳಿದಿದ್ದರು. ಆ ಬಣ್ಣ ದಾಟಿ ಕರೆಂಟು ಹೇಗೆ ಹರಿದೀತು? ಪೂಜೆಯೇನೋ ಜೋರಾಗಿಯೇ ನಡೆದಿತ್ತು.

ಬೆಳ್ಳಿಕಾಗದ ಕಿತ್ತೆಸೆದು, ಕುಡುಗೋಲಿನ ತುದಿಯಿಂದ ಕಬ್ಬಿಣ ಹೊಳೆಯುವವರೆಗೆ ಬಣ್ಣ ಕೆರೆದೆ. ಕುಗ್ಗಿದ್ದ ಸ್ಪ್ರಿಂಗನ್ನು ಮೇಲೆಳೆದೆ. ಅಗಲವಾಗಿದ್ದ ಹೋಲ್ಡರಿನ ಬಾಯನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ, ಬೋಲ್ಟು ಬಿಗಿದೆ. ಬಲ್ಬು ಒತ್ತಿ ತಿರುಗಿಸಿದಾಗ ಟಕ್ಕಂತ ಕೂತಿತು. ಗಂಡ ಸ್ವಿಚ್ ಹಾಕಿದರು. ಹತ್ತಿತು.

"ಈಗ ಹೊಡಿ," ಎಂದೆ ಮೈದುನನಿಗೆ. ಹೊಡೆದ, ಆರಲಿಲ್ಲ. ಜೋರಾಗಿ ಹೊಡೆದ. ಊಹೂಂ, ಆರಲೇ ಇಲ್ಲ! ಮಾವ ಹುಲ್ಲಿನ ಹಗ್ಗ ಬಿಗಿಯತೊಡಗಿದರು. ಅಂದರೆ, ಹೊರಡಿ ಅಂತ.

ಜಗಳೂರು ದಾಟುವಾಗ ಕತ್ತಲಾಗಿತ್ತು. ಅಲ್ಲಿ ಕಾಯುತ್ತಿದ್ದ ನನ್ನಣ್ಣ ಬೈಕಿನಲ್ಲಿ ನಮ್ಮ ಹಿಂದೆಯೇ ಬಂದ. ಮನೆ ಮುಂದೆ ಇಳಿದವನೇ, "ಆ ಗುಂಡಿಯಾಗೆ ನನ್ನ ಬೈಕಿನ ಲೈಟೇ ನಡುಗ್ತು, ನಿಮ್ದು ಒಂದ್ಸಲಾನೂ ಆರ್ಲಿಲ್ಲ ನೋಡ್ರಿ," ಎಂದ.

"ಎಲ್ಲಾ ನಿಮ್ಮ ತಂಗೀದೇ ಕೆಲಸ," ಎಂದರು ನನ್ನ ಗಂಡ, ಬೀದಿಗೇ ಕೇಳುವಂತೆ. ಎದೆ ಉಬ್ಬಿತು ನನಗೆ, ಸುಳ್ಳು ಯಾಕೆ ಹೇಳಲಿ.

ಅಮ್ಮ ಎಮ್ಮೆಗಳ ಮುಂದೆ ಹುಲ್ಲು ಹಾಕಿದಳು. ಒಳಗೆ ಹೋಗಿ ಆ ಹಳೇ ಸ್ಟೀಲ್ ಟಾರ್ಚನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಇದೂ ಹತ್ತಂಗಿಲ್ಲ. ಬಿಚ್ಚಿ ನೋಡು."