ಗಾಜಿನೊಳಗಿನ ಹಳದಿ ಅಂಗಿ

ಚಿತ್ರಶಾಲೆಯಲ್ಲಿ ಅವನನ್ನು ಎಲ್ಲರೂ ಕರಿಯಂಗಿ ಎಂದೇ ಕರೆಯುತ್ತಿದ್ದರು. ಕರೆಯಲಿ ಬಿಡಿ. ಚಿತ್ರಗಳ ಫೋಟೊ ತೆಗೆಯುವವನು ತಿಳಿಬಣ್ಣ ತೊಟ್ಟರೆ ಚಿತ್ರದ ಮೇಲಿನ ಗಾಜಿನಲ್ಲಿ ಅವನೂ ಮೂಡಿಬಿಡುತ್ತಾನೆ. ಅದಕ್ಕೇ ಮೈಗೆ ಕಪ್ಪು ಅಂಗಿ, ಕ್ಯಾಮೆರಾದ ಸುತ್ತ ಕಪ್ಪು ಪರದೆ. ಈ ವಿಷಯದಲ್ಲಿ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಬಿಳಿ ಬಟ್ಟೆಯವರು ಬಾಗಿಲಲ್ಲಿ ಇಣುಕಿದರೂ ಸಾಕು, ಬೈದು ಅಟ್ಟುತ್ತಿದ್ದ. "ಇದ್ದದ್ದನ್ನ ಇದ್ದ ಹಾಗೆ ತೆಗೀಬೇಕು. ಒಂದು ಚುಕ್ಕೆ ಸೇರಿಸೋ ಹಾಗಿಲ್ಲ, ಒಂದು ಚುಕ್ಕೆ ಅಳಿಸೋ ಹಾಗಿಲ್ಲ" ಎಂದು ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುತ್ತಿದ್ದ.

ಇಂಥ ಮಹಾನುಭಾವನ ಕೈಯಲ್ಲಾದ ಎಡವಟ್ಟು ಕೇಳಿ.

ಅಂದು ಅವನ ಮೊಮ್ಮಗಳ ಹುಟ್ಟುಹಬ್ಬ. ಬೆಳಿಗ್ಗೆಯೇ ಹೆಂಡತಿ ತಿಳಿಹಳದಿ ಅಂಗಿಯೊಂದನ್ನು ಕೈಗಿಟ್ಟು, "ರೀ, ಇವತ್ತಾದ್ರೂ ಸತ್ತವರ ಮನೆಗೆ ಹೊರಟ ಹಾಗೆ ಹೊರಡಬೇಡಿ" ಎಂದಳು. ಹಾಕಿಕೊಂಡು ಹೋದ. ಇದ್ದದ್ದು ಒಂದೇ ಸಣ್ಣ ಚಿತ್ರದ ಕೆಲಸ: ಹೊಸ್ತಿಲ ಮೇಲೆ ಕೂತು ಗುಂಡಿ ಹೊಲಿಯುವ ಹುಡುಗಿ, ಅವಳ ಹಿಂದೆ ಕತ್ತಲು ತುಂಬಿದ ಬಾಗಿಲು. ಬಣ್ಣ ಗಾಜಿಗೇ ಅಂಟಿಕೊಂಡಿದ್ದರಿಂದ ಗಾಜು ಬಿಚ್ಚುವಂತಿರಲಿಲ್ಲ. ಪರದೆಯಾದರೂ ಕಟ್ಟಬೇಕಿತ್ತು. ಕೇಕು ಕತ್ತರಿಸುವ ಹೊತ್ತಾಗಿತ್ತು, ಮೈಗಳ್ಳತನವೂ ಸೇರಿತು. ಇಷ್ಟು ವರ್ಷ ಪಳಗಿದ ಕೈ, ಏನಾಗುತ್ತೆ ಎಂದುಕೊಂಡ. ಬೆಳಕನ್ನು ಅಳೆದು ಅಳೆದು ಹೊಂದಿಸಿ ಫೋಟೊ ತೆಗೆದ. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ನೋಡಿ ತಲೆಯಾಡಿಸಿ ಮನೆಗೆ ಓಡಿದ.

ಮರುವರ್ಷ ಚಿತ್ರಶಾಲೆಯ ಉಗ್ರಾಣದಲ್ಲಿ ನೀರಿನ ಪೈಪು ಒಡೆದು ಆ ಚಿತ್ರ ಕಲಸಿಹೋಯಿತು. ಅದನ್ನು ಬರೆದ ಅಜ್ಜಿಗೆ ಈಗ ಕೈನಡುಕ, ಮತ್ತೆ ಬರೆಯುವ ಮಾತೇ ಇಲ್ಲ. "ಫೋಟೊ ತೆಗೆದಿದ್ದಾರಲ್ಲ, ಅದನ್ನೇ ದೊಡ್ಡದು ಮಾಡಿ ಕೊಡಲಿ. ಗೋಡೆಗೆ ಹಾಕ್ಕೋತೀನಿ" ಎಂದು ಹೇಳಿ ಕಳಿಸಿದರು.

ಕರಿಯಂಗಿ ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದ. ಆ ಕತ್ತಲ ಬಾಗಿಲಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ತಾನೇ ನಿಂತಿದ್ದ! ತಿಳಿಹಳದಿ ಅಂಗಿ, ಜೇಬು, ಗುಂಡಿ ಎಲ್ಲ ಮಸುಕು ಮಸುಕಾಗಿ ಮೂಡಿತ್ತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಎದ್ದು ಬಾಗಿಲು ಹಾಕಿ ಬಂದ. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ, ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು? ಕತ್ತಲು ತಾನೆ, ಕತ್ತಲಲ್ಲಿ ಏನಿರುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಗಿಲ ತುಂಬ ಕಪ್ಪು ಬಳಿದ. ಕಳ್ಳತನ ಮಾಡಿದಷ್ಟೇ ನಾಚಿಕೆಯಾಯಿತು. ಆದರೂ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ತಾನೇ ಒಯ್ದು ಕೊಟ್ಟ.

ಅಜ್ಜಿ ಭೂತಗನ್ನಡಿ ಹಿಡಿದು ಇಂಚಿಂಚೂ ನೋಡಿದರು. "ಹುಡುಗಿ ಚೆನ್ನಾಗಿ ಬಂದಿದ್ದಾಳೆ" ಎಂದರು. ಭೂತಗನ್ನಡಿ ಬಾಗಿಲ ಹತ್ತಿರ ಹೋಗಿ ಅಲ್ಲೇ ಸುತ್ತತೊಡಗಿತು.

"ನಮ್ಮಮ್ಮ ಎಲ್ಲಪ್ಪ?"

"ಯಾವ ಅಮ್ಮ?"

"ಬಾಗಿಲ ಒಳಗೆ ನಿಂತಿದ್ಲು. ಕಪ್ಪಲ್ಲೇ ಬರೆದಿದ್ದೆ, ಹತ್ತಿರ ಬಂದು ನೋಡಿದವರಿಗೆ ಮಾತ್ರ ಕಾಣಲಿ ಅಂತ. ಅವಳದು ಬೇರೆ ಒಂದು ಫೋಟೊನೂ ಇಲ್ಲ. ಅಷ್ಟು ಹೊತ್ತು ಎದುರಿಗೇ ನಿಂತಿದ್ಯಲ್ಲ, ನಿನಗೂ ಕಾಣಲಿಲ್ವಾ?"

ಬೆಳಕಿನ ಮೇಲೋ ಕ್ಯಾಮೆರಾದ ಮೇಲೋ ತಪ್ಪು ಹೊರಿಸುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಪ್ರಶ್ನೆ ಅವನನ್ನು ಕಟ್ಟಿಹಾಕಿತು. ಬೆಳಕು ನೋಡಿದ್ದ, ಗಾಜು ನೋಡಿದ್ದ, ಗಡಿಯಾರ ನೋಡಿದ್ದ. ಚಿತ್ರವನ್ನು ಮಾತ್ರ ನೋಡಿರಲಿಲ್ಲ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ಕಾಣಲಿಲ್ಲಮ್ಮ" ಎಂದ. ಆಮೇಲೆ ಅಂಗಿಯ ವಿಷಯ, ಕಪ್ಪು ಬಳಿದ ವಿಷಯ, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ.

ಅಜ್ಜಿ ಭೂತಗನ್ನಡಿ ಕೆಳಗಿಟ್ಟು ಕೇಳಿದರು, "ಬಳಿಯೋಕೆ ಮುಂಚಿನದು ಇದೆಯಾ?"

"ಇದೆ. ಆದ್ರೆ ಅದರಲ್ಲಿ ನಾನಿದ್ದೀನಮ್ಮ."

"ನೀನಿದ್ರೆ ಇರು. ನಮ್ಮಮ್ಮನೂ ಇರ್ತಾಳಲ್ಲ."

ಮಾರನೆಯ ದಿನ ಅದನ್ನೇ ಅಚ್ಚು ಹಾಕಿಸಿ ತಂದ. ಅಜ್ಜಿಯ ನಡುಗುವ ಬೆರಳು ಹಳದಿ ಅಂಗಿಯ ಮೇಲೆಲ್ಲ ಹುಡುಕಾಡಿ ಜೇಬಿನ ಹತ್ತಿರ ನಿಂತಿತು. ಅಂಗಿಯ ಹಿಂದೆ ಅರ್ಧ ಕೆನ್ನೆ, ಒಂದು ಕಣ್ಣು. ಕೆಳಗೆ, ಬಾಗಿಲ ಚೌಕಟ್ಟು ಹಿಡಿದ ಕೈ. "ಇಲ್ಲೇ ಇದ್ದಾಳೆ" ಎಂದರು ಅಜ್ಜಿ. ಈಗ ಅವನಿಗೂ ಕಂಡಳು.

"ಒಳಗಿನ ಕೋಣೆಗೆ ಹಾಕಿಕೊಳ್ಳಿಮ್ಮ" ಎಂದು ಬೇಡಿಕೊಂಡ. ಅಜ್ಜಿ ಒಪ್ಪಲಿಲ್ಲ. ಬಂದವರಿಗೆಲ್ಲ ಕಾಣುವಂತೆ ಮುಂದಿನ ಕೋಣೆಯಲ್ಲೇ ಮೊಳೆ ಹೊಡೆಸಿದರು, ಅದೂ ಅವನ ಕೈಯಿಂದಲೇ. ಸದ್ದು ಕೇಳಿ ಪಕ್ಕದ ಮನೆಯಾಕೆ ಒಳಬಂದಳು, ಅಜ್ಜಿ ತಮ್ಮ ಅಮ್ಮನನ್ನು ಬೆರಳಿಟ್ಟು ತೋರಿಸಿದರು. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಯಾರಜ್ಜಿ ಇದು, ನಿಮ್ಮಮ್ಮನಿಗೆ ಅಡ್ಡ ನಿಂತಿರೋದು?" ಎಂದು ಕೇಳಿದಳು.

ಅಜ್ಜಿ ಸ್ಟೂಲಿನ ಮೇಲಿದ್ದವನ ಕಡೆ ನೋಡಿದರು.

"ನಾನು" ಎಂದ ಅವನು, ಗೋಡೆಯ ಕಡೆಗೇ ಮುಖ ಮಾಡಿಕೊಂಡು.