ಕೈ ತಾಗಿದ ಹಾಳೆ

"ಅಮ್ಮಾ, ಗಾಳಿ ದೊಡ್ಡಮ್ಮಂಗೆ ಗಾಳಿ ಮೇಲೆ ಸಿಟ್ಟಾ?"

ಐದು ವರ್ಷದ ನನ್ನ ಮಗಳು ಹಾಲಿನ ಮೀಸೆ ಒರೆಸಿಕೊಳ್ಳದೆ ಕೇಳಿದಳು. ಕೆಳಗಿನ ಮನೆಯ ಬಾಗಿಲು ಆಗಷ್ಟೇ ಧಡಾರೆಂದು ಬಡಿದುಕೊಂಡಿತ್ತು.

"ಗಾಳಿ ಮೇಲಲ್ಲ ಕಣೇ, ಅವರ ಆಫೀಸಿನ ಸಾಹೇಬರ ಮೇಲೆ."

"ಮತ್ತೆ ಬಾಗಿಲಿಗೆ ಯಾಕೆ ಹೊಡೆದ್ರು?"

ಸಾಹೇಬರು ಕೈಗೆ ಸಿಗುವುದಿಲ್ಲ, ಬಾಗಿಲು ಸಿಗುತ್ತದೆ. ಇದನ್ನು ಅವಳಿಗೆ ಹೇಗೆ ಹೇಳಲಿ? "ಹಾಲು ಕುಡಿ" ಅಂದೆ.

ಮಗಳು ಗಾಳಿ ದೊಡ್ಡಮ್ಮ ಎನ್ನುವವರನ್ನು ನಾನು ಅಕ್ಕ ಎನ್ನುತ್ತೇನೆ. ಒಡಹುಟ್ಟಿದವರಲ್ಲ. ಈ ಕಟ್ಟಡದ ನೆಲಮಹಡಿಯಲ್ಲಿ ಅವರು, ಎರಡನೇ ಮಹಡಿಯಲ್ಲಿ ನಾವು. ವಾಯುಮಾಲಿನ್ಯ ನಿಯಂತ್ರಣದ ಸರ್ಕಾರಿ ಕಚೇರಿಯಲ್ಲಿ ಅವರು ಕ್ಷೇತ್ರ ಸಹಾಯಕಿ. ಇಪ್ಪತ್ತೆಂಟು ವರ್ಷದ ಸೇವೆ, ನಿವೃತ್ತಿಗೆ ಇನ್ನು ಐದೇ ತಿಂಗಳು. ವಿಜ್ಞಾನದಲ್ಲಿ ಪದವಿ ಮುಗಿಸಿ, ಪರೀಕ್ಷೆ ಬರೆದು ಅವರು ಈ ಕೆಲಸಕ್ಕೆ ಸೇರಿದಾಗ ಅವರ ಸೋದರಮಾವ ನಕ್ಕಿದ್ದರಂತೆ: "ಗಾಳಿ ಆಫೀಸಾ? ಅಲ್ಲಿ ಏನಮ್ಮಾ ಕೆಲಸ, ಬೀಸೋದಾ?"

"ಅಲ್ಲ ಮಾವ, ತೂಗೋದು" ಅಂದಿದ್ದರಂತೆ ಅಕ್ಕ.

ಅವರು ಗಾಳಿಯನ್ನು ತೂಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಯ ಸರ್ಕಾರಿ ಕ್ಲಿನಿಕ್ಕಿನ ತಾರಸಿಯ ಮೇಲೆ ಆಳೆತ್ತರದ ಒಂದು ತಗಡಿನ ಪೆಟ್ಟಿಗೆಯಿದೆ. ಅದರ ತಲೆಗೆ ಇಳಿಜಾರು ಚಾವಣಿ, ಹೊಟ್ಟೆಯಲ್ಲಿ ಮೋಟಾರು. ಓಡುವಾಗ ಮಿಕ್ಸಿಯ ಹಾಗೆ ಕಿರುಚುತ್ತದೆ. ಚಾವಣಿಯ ಕೆಳಗೆ ನೋಟ್‌ಬುಕ್ಕಿನ ಹಾಳೆಯಷ್ಟು ದೊಡ್ಡ ಬಿಳಿ ಹಾಳೆಯನ್ನು ಹಾಸುತ್ತಾರೆ. ಎಂಟು ಗಂಟೆ ಕಾಲ ಯಂತ್ರ ಗಾಳಿಯನ್ನು ಎಳೆದುಕೊಳ್ಳುತ್ತದೆ, ದೂಳು ಹಾಳೆಯ ಮೇಲೆ ಉಳಿಯುತ್ತದೆ. ಹಾಸುವ ಮೊದಲಿನ ತೂಕ, ತೆಗೆದ ಮೇಲಿನ ತೂಕ; ನಡುವಿನ ವ್ಯತ್ಯಾಸವೇ ನಾವು ಉಸಿರಾಡಿದ ದೂಳು. ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಹಾಳೆ. ಮನೆ ಹತ್ತಿರವಿದೆಯೆಂದು ಮೂರು ಹೊತ್ತೂ ಅಕ್ಕನೇ ಮೆಟ್ಟಿಲು ಹತ್ತುತ್ತಾರೆ.

ಹಾಳೆಗೆ ಬೆರಳು ತಾಗಬಾರದು. ಬೆರಳಿನ ಜಿಡ್ಡಿಗೂ ತೂಕವಿದೆ. ಅದಕ್ಕೇ ಎಲ್ಲವೂ ಚಿಮಟದಲ್ಲಿ. ತೂಗುವಾಗ ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಡುವಂತಿಲ್ಲ. ಇಷ್ಟು ವರ್ಷ ಈ ಅಭ್ಯಾಸದಲ್ಲಿದ್ದು ಅಕ್ಕ ಮನೆಯಲ್ಲಿಯೂ ಕಾಗದವನ್ನು ಅಂಚಿನಲ್ಲಿ ಮಾತ್ರ ಹಿಡಿಯುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಭಾವನಿಗೆ ಇದೆಲ್ಲ ತಮಾಷೆ. "ಹಾಲು ಸೀದರೂ ನನಗೇ ನೋಟಿಸ್ ಕೊಡ್ತಾಳೆ, ಇವಳ ಜೊತೆ ಸಂಸಾರ ಅಂದ್ರೆ ಸುಮ್ನೆ ಅಲ್ಲಮ್ಮಾ" ಎನ್ನುತ್ತಾರೆ.

ಮೂರು ತಿಂಗಳ ಹಿಂದೆ ಕ್ಲಿನಿಕ್ಕಿನ ಹಿಂದಿನ ಬಯಲಿನಲ್ಲಿ ಹಳೆಯ ಟೈರು ಕಾಯಿಸಿ ಎಣ್ಣೆ ಇಳಿಸುವ ಕಾರ್ಖಾನೆ ಶುರುವಾಯಿತು. ಅದಕ್ಕೆ ಸಿಕ್ಕಿದ್ದು ತಾತ್ಕಾಲಿಕ ಅನುಮತಿ. ಈ ಮೂರು ತಿಂಗಳ ಗಾಳಿ ಹೇಗಿತ್ತೆಂದು ನೋಡಿ ಕಾಯಂ ಅನುಮತಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸಬೇಕು. ನನಗೆ ಈ ನಿಯಮವೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಒಣಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕಾಗುತ್ತಿತ್ತು, ಕಿಟಕಿಯ ಅಂಚು ಒರೆಸಿದರೆ ಬಟ್ಟೆ ಕಾಡಿಗೆಯಾಗುತ್ತಿತ್ತು, ಮಗಳ ಎದೆ ಸಿಳ್ಳೆ ಹಾಕತೊಡಗಿತ್ತು. ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ. ಅವಳು ಹುಟ್ಟಿದಂದಿನಿಂದ ಬರೆಯುತ್ತಿದ್ದೇನೆ: ಎಷ್ಟು ತಿಂದಳು, ಯಾವಾಗ ಮಲಗಿದಳು, ಯಾವ ಔಷಧ ಎಷ್ಟು ಚಮಚ. "ಇದನ್ನ ಯಾರು ಓದ್ತಾರೆ?" ಎಂದು ನನ್ನ ಗಂಡ ಕೇಳುವುದುಂಟು.

ಇವತ್ತು ಬಾಗಿಲು ಬಡಿದ ಕಾರಣ ನಿನ್ನೆ ಬಂದ ಒಂದು ಕಾಗದ. ಹತ್ತು ನಿಮಿಷದ ಮೇಲೆ ಅಕ್ಕನೇ ಅದನ್ನು ಹಿಡಿದುಕೊಂಡು ಮೇಲೆ ಬಂದರು.

"ಓದು. ಜೋರಾಗಿ ಓದು."

ಓದಿದೆ. ಕ್ಷೇತ್ರ ಸಹಾಯಕಿಯವರು ಹಾಳೆಗಳನ್ನು ಬರಿಗೈಯಲ್ಲಿ ಮುಟ್ಟಿರುವುದು ರಿಜಿಸ್ಟರಿನಿಂದಲೇ ಕಂಡುಬಂದಿದೆ; ಆದ್ದರಿಂದ ಮೂರು ತಿಂಗಳ ಎಪ್ಪತ್ತೆಂಟೂ ಹಾಳೆಗಳ ತೂಕ ನಂಬತಕ್ಕದ್ದಲ್ಲ; ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು. ಕೆಳಗೆ ಇನ್ನೊಂದು ಸಾಲು: ಯಂತ್ರವನ್ನು ಕ್ಲಿನಿಕ್ಕಿನಿಂದ ತೆಗೆದು ಉದ್ಯಾನವನಕ್ಕೆ ಸಾಗಿಸಲಾಗುವುದು.

"ಉದ್ಯಾನವನಕ್ಕೆ ಯಾಕೆ?"

"ಅಲ್ಲಿ ಗಿಡ ಮರ ಇದೆ, ಬೆಳಿಗ್ಗೆ ಸಂಜೆ ನೀರು ಹಾಕ್ತಾರೆ, ದೂಳೇ ಏಳಲ್ಲ. ಯಂತ್ರಕ್ಕೂ ತಂಪು, ಕಾರ್ಖಾನೆಗೂ ತಂಪು." ಅಕ್ಕ ನಗಲಿಲ್ಲ. "ಸಾಹೇಬರು ಕರೆದು ನಯವಾಗಿ ಹೇಳಿದ್ರು. ಮೇಡಂ, ಮುಟ್ಟೋ ಅಭ್ಯಾಸ ಇತ್ತು ಅಂತ ಒಂದು ಸಹಿ ಹಾಕಿ, ವಿಚಾರಣೆ ಗಿಚಾರಣೆ ಏನೂ ಬೇಡ, ಹಾರ ಹಾಕಿಸ್ಕೊಂಡು ಮನೆಗೆ ಹೋಗಿ. ಗಾಳಿ ಬಂದಾಗ ತೂರಿಕೋಬೇಕು ಅಂತಾರಲ್ಲ ಮೇಡಂ ಅಂದ. ನನಗೆ! ಗಾಳಿ ವಿಷಯ ನನಗೆ ಹೇಳ್ತಾನೆ!"

"ನೀವು ಮುಟ್ಟಿದ್ರಾ ಅಕ್ಕ?"

"ಮುಟ್ಟಿದೆ. ಒಂದು ಹಾಳೆ. ಯಾವತ್ತು ಅಂತ ನಿನಗೆ ಗೊತ್ತಿಲ್ವಾ?"

ಆಗ ಹೊಳೆಯಿತು.

ಅವತ್ತು ಮಧ್ಯಾಹ್ನ ಎರಡು ಗಂಟೆ. ಮಗಳಿಗೆ ಉಬ್ಬಸ ಹೆಚ್ಚಾಗಿ ತುಟಿ ಬಣ್ಣ ಬದಲಾಗಿತ್ತು. ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದರೆ ಡಾಕ್ಟರು ಊಟಕ್ಕೆ ಹೋಗಿದ್ದರು. ನಾನು ಅಂಗಳದಲ್ಲಿ ನಿಂತು ಕೂಗಿಕೊಂಡೆ. ತಾರಸಿಯ ಮೇಲೆ ಹಾಳೆ ಬದಲಾಯಿಸುತ್ತಿದ್ದ ಅಕ್ಕನಿಗೆ ಕೇಳಿಸಿತು. ಚಿಮಟ ಹುಡುಕುವಷ್ಟೂ ವ್ಯವಧಾನವಿಲ್ಲದೆ ಹಾಳೆಯನ್ನು ಕೈಯಲ್ಲೇ ಕಿತ್ತು ಲಕೋಟೆಗೆ ತುರುಕಿ ಇಳಿದು ಬಂದರು. ಮಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಬೀದಿಯ ಡಾಕ್ಟರ ಮನೆಗೆ ಓಡಿದ್ದು ಅವರೇ. ಐವತ್ತೊಂಬತ್ತರ ಹೆಂಗಸಿನ ಹಿಂದೆ ಓಡಲಾರದೆ ಏದುಸಿರು ಬಿಟ್ಟವಳು ನಾನು. ಮಗು ಉಳಿಯಿತು. ಅಕ್ಕ ತಾರಸಿಗೆ ವಾಪಸು ಹೋಗಿ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ಕೈ ತಾಗಿದೆ, ಈ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

"ಬರೀದೇ ಇದ್ದಿದ್ರೆ ಅವರಪ್ಪನಿಗೂ ಗೊತ್ತಾಗ್ತಿರಲಿಲ್ಲ" ಅಂದರು ಅಕ್ಕ. "ತಪ್ಪಾದ್ರೆ ಬರೀಬೇಕು ಅಂತ ನನಗೆ ಕಲಿಸಿದ್ದೇ ಈ ಇಲಾಖೆ. ಈಗ ನಾನು ಬರೆದ ಆ ಒಂದು ಸಾಲನ್ನೇ ಹಗ್ಗ ಮಾಡ್ಕೊಂಡು ಉಳಿದ ಎಪ್ಪತ್ತೇಳು ಹಾಳೆಗೂ ನೇಣು ಹಾಕ್ತಿದಾರೆ. ನಾನು ಸಹಿ ಹಾಕಿದ್ರೆ ಮೂರು ತಿಂಗಳ ಗಾಳಿ ಇರಲೇ ಇಲ್ಲ ಅಂತಾಗತ್ತೆ. ನಿನ್ನ ಮಗಳು ಕೆಮ್ಮಲೇ ಇಲ್ಲ ಅಂತಾಗತ್ತೆ!"

ನನಗೆ ಬಂದ ಸಿಟ್ಟನ್ನು ಬರೆದರೆ ಈ ಪುಟ ಸುಟ್ಟುಹೋದೀತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎನ್ನುತ್ತಾರಲ್ಲ, ಅದೂ ಇದಕ್ಕೆ ಸಾಲದು. ಇಲ್ಲಿ ಜ್ವರ ಅಳೆದವಳಿಗೇ ಬರೆ. ನನ್ನ ಮಗುವನ್ನು ಎತ್ತಿಕೊಂಡ ಕೈ ಅದು. ಆ ಕೈಯನ್ನೇ ಕೊಳಕು ಎನ್ನುತ್ತಿದ್ದಾರೆ.

ಕೋಣೆಗೆ ಹೋಗಿ ಡೈರಿ ತಂದೆ. "ಅಕ್ಕ, ನಿಮ್ಮ ಹತ್ರ ದಿನಾಂಕಗಳಿವೆಯಾ?"

ಅಕ್ಕನ ಬಳಿ ರಿಜಿಸ್ಟರಿನ ಕಾರ್ಬನ್ ಪ್ರತಿಯಿತ್ತು. ಮಗಳನ್ನು ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ, ನಾವು ಅಡುಗೆಮನೆಯ ನೆಲದ ಮೇಲೆ ಎರಡೂ ಪುಸ್ತಕ ಹರವಿಕೊಂಡೆವು. ಯಂತ್ರ ಓಡಿದ ಇಪ್ಪತ್ತಾರು ದಿನಗಳಲ್ಲಿ ಗಾಳಿ ಮಿತಿ ಮೀರಿದ್ದು ಹನ್ನೊಂದು ದಿನ. ಅಕ್ಕ ಒಂದೊಂದೇ ದಿನಾಂಕ ಹೇಳಿದರು, ನಾನು ಡೈರಿ ತೆರೆದು ಓದಿದೆ. "ಬೆಳಗಿನಿಂದ ಕೆಮ್ಮು, ಉಪ್ಪು ಹಾಕಿದ ಬಿಸಿನೀರು ಕುಡಿಸಿದೆ." "ಎದೆಯಲ್ಲಿ ಸಿಳ್ಳೆ, ಇನ್‌ಹೇಲರ್ ಎರಡು ಪಫ್." "ಶಾಲೆಗೆ ಕಳಿಸಲಿಲ್ಲ." ಹೊಂದಿದ ಪ್ರತಿ ದಿನಕ್ಕೂ ಅಕ್ಕ ಒಂದು ಗುರುತು ಹಾಕಿದರು. ಕೈ ತಾಗಿದ ಹಾಳೆಯ ದಿನ ಆ ಹಾಳೆಯನ್ನು ಬಿಟ್ಟು ಉಳಿದೆರಡರ ತೂಕವನ್ನಷ್ಟೇ ಹಿಡಿದರು. ಆದರೂ ಅದು ಹನ್ನೊಂದರೊಳಗಿತ್ತು.

ಒಂಬತ್ತು ದಿನ ಹೊಂದಿದವು. ಎರಡು ದಿನ ಹಾಳೆ ಕರ್ರಗಾಗಿತ್ತು. ನನ್ನ ಡೈರಿಯಲ್ಲಿ ಮಾತ್ರ "ಇವತ್ತು ಚೆನ್ನಾಗಿ ಆಡಿದಳು" ಎಂದಿತ್ತು. ಅಕ್ಕ ಆ ಎರಡರ ಮುಂದೆ ಅಡ್ಡಗೆರೆ ಎಳೆದರು.

"ಒಂಬತ್ತೇ ಸಾಕಲ್ವಾ ಅಕ್ಕ" ಅಂದೆ. "ಆ ಎರಡು ಬಿಟ್ಟುಬಿಡೋಣ. ಹೊಂದಿದ ಪುಟ ಮಾತ್ರ ತೋರಿಸಿದ್ರೆ ಯಾರಿಗೆ ಗೊತ್ತಾಗತ್ತೆ?"

ಅಕ್ಕ ತಲೆಯೆತ್ತಿ ನೋಡಿದ ರೀತಿಗೆ ನಾನು ಕುಳಿತಲ್ಲೇ ಕುಗ್ಗಿದೆ. ಬೆಳಗ್ಗೆಯಿಂದ ಬಾಗಿಲಿಗೆ, ಕಾಗದಕ್ಕೆ, ಸಾಹೇಬರಿಗೆ ಹಂಚಿದ ಸಿಟ್ಟೆಲ್ಲ ಒಂದು ಕ್ಷಣ ನನ್ನ ಮೇಲೆ ಬಂತು.

"ನೀನೂ ಅವರ ಥರಾನೇ ಮಾತಾಡ್ತೀಯಲ್ಲೇ! ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಉದ್ಯಾನವನಕ್ಕೆ ಕಳಿಸೋದಾ?"

"ಹಾಗಲ್ಲ ಅಕ್ಕ, ನಿಮಗೋಸ್ಕರ..."

"ನನಗೋಸ್ಕರ ಸುಳ್ಳು ಬೇಡ. ಸುಳ್ಳೇ ಬೇಕಿದ್ರೆ ಸಹಿ ಹಾಕಿ ಸುಮ್ನಿರ್ತಿದ್ದೆ."

ಮಗಳು ಪೆನ್ಸಿಲ್ ನಿಲ್ಲಿಸಿ ಇಬ್ಬರನ್ನೂ ನೋಡಿದಳು. "ದೊಡ್ಡಮ್ಮಾ, ಈಗ ಅಮ್ಮನ ಮೇಲೆ ಸಿಟ್ಟಾ?"

"ಹ್ಞೂಂ ಕಂದ, ಸ್ವಲ್ಪ. ನಿಮ್ಮಮ್ಮ ಒಳ್ಳೆಯವಳು, ಆದ್ರೆ ಹೆಡ್ಡಿ." ಅಕ್ಕ ಅವಳ ತಲೆ ಸವರಿದರು, ಅಂಗೈಯಿಡೀ ಒತ್ತಿ. ಆಮೇಲೆ ಡೈರಿಯನ್ನು ಅಂಚು ಹಿಡಿದು ಎತ್ತಿ ನನ್ನ ಮಡಿಲಿಗಿಟ್ಟರು. ದನಿ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ.

"ಒಂದು ಉಪಕಾರ ಮಾಡ್ತೀಯಾ? ಗುರುವಾರ ಹನ್ನೊಂದು ಗಂಟೆಗೆ ನನ್ನ ಜೊತೆ ಬಾ. ನಾನು ತೂಕ ಓದ್ತೀನಿ, ನೀನು ಇದನ್ನ ಓದು. ಇವಳ ಎದೇಗೂ ನಾನೇ ಕೈ ಜಿಡ್ಡು ಹಚ್ಚಿದ್ನಾ ಅಂತ ಅವರನ್ನ ಕೇಳ್ತೀನಿ. ಆದ್ರೆ ಹನ್ನೊಂದೂ ದಿನ ಓದ್ಬೇಕು. ಇವಳು ಚೆನ್ನಾಗಿ ಆಡಿದ ಎರಡು ದಿನಾನ ಮೊದಲು ಓದು."