ಚೀನಾದಲ್ಲಿ ಕೇಳಿದ ‘ಬಾ ಬಾ’

ಅಡುಗೆಮನೆಯಿಂದ ಗೆಳತಿ ಲಿನ್ ‘ಬಾ ಬಾ!’ ಎಂದು ಕೂಗಿದಳು. ನನ್ನನ್ನೇ ಕರೆದಳೆಂದು ಎದ್ದು ಓಡಿದೆ. ಅತ್ತಲಿಂದ ಅವಳ ತಂದೆಯೂ ಓಡಿಬಂದರು. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆದು, ಅವರ ಕೈಯಲ್ಲಿದ್ದ ಚಹಾ ನನ್ನ ಸ್ವೆಟರ್ ಮೇಲೆ ಚೆಲ್ಲಿತು.

ಲಿನ್ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ನನ್ನ ಸಹೋದ್ಯೋಗಿಯಾಗಿದ್ದಳು. ಅವಳು ಚೀನಾಕ್ಕೆ ಮರಳಿದ ಮೇಲೆ ನೋಡಲು ಹೋಗಿದ್ದೆ. ಅವಳ ತಂದೆ ನನ್ನನ್ನು ಕಂಡೊಡನೆ ತಲೆಯಾಡಿಸಿ ಬೇರೆ ಕೋಣೆಗೆ ಸರಿದುಬಿಡುತ್ತಿದ್ದರು. ನಾನು ಬಂದದ್ದೇ ಅವರಿಗೆ ಇಷ್ಟವಿಲ್ಲವೇನೋ ಎಂಬ ಅಳುಕು ನನಗೆ.

“ಅಯ್ಯೋ, ನಾನು ಕರೆದದ್ದು ಅಪ್ಪನನ್ನು! ಬಾಬಾ ಅಂದ್ರೆ ಅಪ್ಪ” ಎಂದು ಲಿನ್ ಇಂಗ್ಲಿಷಿನಲ್ಲಿ ಹೇಳಿದಳು. ಕನ್ನಡದಲ್ಲಿ ಅದರ ಅರ್ಥವೇನೆಂದು ನಾನು ತಿಳಿಸಿದೆ. ಅವಳು ಅದನ್ನು ತಂದೆಗೆ ವಿವರಿಸಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕುರ್ಚಿ ಎಳೆದು, ಕೈಬೀಸಿ, “ಬಾ ಬಾ” ಎಂದು ನನ್ನನ್ನು ತಿಂಡಿಗೆ ಕರೆದರು.

ಸಂಜೆ ಫೋನ್ ಕಾರ್ಡ್ ಬಳಸಿ ಮೆಲ್ಬರ್ನ್‌ಗೆ ಕರೆ ಮಾಡಿ ಇದನ್ನು ಹೇಳಿದಾಗ ಪತಿ ರೇಗಿಸಿದರು: “ಏನೇ, ಅಲ್ಲೂ ಕನ್ನಡ ಕ್ಲಾಸ್ ಓಪನ್ ಮಾಡ್ಬಿಟ್ಯಾ?”

ಇಂಗ್ಲಿಷ್ ಬಾರದ ಸಂಕೋಚಕ್ಕೆ ಲಿನ್‌ಳ ತಂದೆ ನನ್ನಿಂದ ಮರೆಯಾಗುತ್ತಿದ್ದರಂತೆ; ರಾತ್ರಿ ಅವಳೇ ಹೇಳಿದಳು. ಅಪರಿಚಿತರ ಮೌನವನ್ನು ಬಿಗುಮಾನವೆಂದು ತಿಳಿಯುವುದನ್ನು ನಾನು ಅಂದೇ ಬಿಟ್ಟೆ.